ಇನ್ಶೂರೆನ್ಸ್ ಏಜೆಂಟ್ ಆಗ್ಬೇಕು ಅಂದ್ಕೊಂಡಿದೀರಾ? ಟ್ರೈನಿಂಗ್, ಪರೀಕ್ಷೆ, ಕಮಿಷನ್ ಲೆಕ್ಕ

ಊರಲ್ಲೇ ಇದ್ದು ಏನಾದ್ರೂ ದುಡೀಬೇಕು ಅನ್ನೋ ಹುಡುಗ್ರು, ಮಕ್ಕಳು ಸ್ಕೂಲಿಗೆ ಹೋಗೋಕೆ ಶುರು ಮಾಡಿದ್ಮೇಲೆ ಕೈಯಲ್ಲಿ ಸ್ವಲ್ಪ ಟೈಮ್ ಇರೋ ಹೆಣ್ಮಕ್ಳು, ಈಗಷ್ಟೇ ರಿಟೈರ್ ಆದ ಮೇಷ್ಟ್ರುಗಳು, ಇವರೆಲ್ಲ ಕೇಳೋ ಪ್ರಶ್ನೆ ಹೆಚ್ಚು ಕಮ್ಮಿ ಒಂದೇ. ಇನ್ಶೂರೆನ್ಸ್ ಏಜೆನ್ಸಿ ತಗೊಂಡ್ರೆ ತಿಂಗಳಿಗೆ ಎಷ್ಟು ಬರುತ್ತೆ, ಪರೀಕ್ಷೆ ಕಷ್ಟನಾ, ನಮ್ಮಂಥೋರ ಕೈಲಿ ಆಗುತ್ತಾ ಅಂತ. ಸುಮಾರು ವರ್ಷದಿಂದ ಇದೇ ಕೆಲಸ ಮಾಡ್ತಿರೋದ್ರಿಂದ ಗೊತ್ತಿರೋದನ್ನ ಬರೀತಿದೀನಿ. ಮೊದಲೇ ಒಂದು ಮಾತು, ಮಾಡಿಸಿದ ಪಾಲಿಸಿ ವರ್ಷಾನುಗಟ್ಟಲೆ ನಿಂತ್ರೆ ಮಾತ್ರ ಈ ಕೆಲಸದಲ್ಲಿ ದುಡ್ಡಿದೆ, ಹಾಗಾಗಿ ಪಾರ್ಟಿಗೆ (ಪಾಲಿಸಿ ತಗೊಳ್ಳೋರಿಗೆ) ಯಾವ ಪಾಲಿಸಿ ಕೊಡ್ಬೇಕು, ಎಷ್ಟಕ್ಕೆ ಕೊಡ್ಬೇಕು, ಫಾರಂ ಹೇಗೆ ತುಂಬಬೇಕು, ಎಲ್ಲಾನೂ ಇದೊಂದನ್ನ ಮನಸಲ್ಲಿಟ್ಕೊಂಡೇ ಮಾಡ್ಬೇಕು.

ಯಾರು ಆಗ್ಬಹುದು

18 ವರ್ಷ ತುಂಬಿರಬೇಕು, ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು, ಅಷ್ಟೇ. ಪ್ಯಾನ್ ಕಾರ್ಡ್, ಆಧಾರ್, ಮಾರ್ಕ್ಸ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್, ಒಂದೆರಡು ಫೋಟೋ ರೆಡಿ ಇಟ್ಕೊಳ್ಳಿ. ಪ್ಯಾನ್‌ನಲ್ಲಿ, ಆಧಾರ್‌ನಲ್ಲಿ, ಮಾರ್ಕ್ಸ್ ಕಾರ್ಡ್‌ನಲ್ಲಿ ಹೆಸರು ಒಂದೇ ಥರ ಇದೆಯಾ ಅಂತ ಮೊದಲೇ ನೋಡಿ, ನಮ್ಮ ಕಡೆ ಇನಿಷಿಯಲ್ ಒಂದರಲ್ಲಿ ಮುಂದೆ ಒಂದರಲ್ಲಿ ಹಿಂದೆ ಇರೋದೇ ಜಾಸ್ತಿ, ಅಷ್ಟಕ್ಕೇ ಅರ್ಜಿ ವಾರಗಟ್ಟಲೆ ನಿಂತ್ಕೊಳ್ಳುತ್ತೆ.

ನಿಯಮದ ಪ್ರಕಾರ ಒಬ್ಬ ಏಜೆಂಟ್ ಒಂದು ಲೈಫ್ ಇನ್ಶೂರೆನ್ಸ್ ಕಂಪನಿ, ಒಂದು ಜನರಲ್ ಕಂಪನಿ, ಒಂದು ಹೆಲ್ತ್ ಕಂಪನಿಗೆ ಕೆಲಸ ಮಾಡ್ಬಹುದು. ಎರಡು ಲೈಫ್ ಕಂಪನಿ ಒಟ್ಟಿಗೆ ಇಟ್ಕೊಳ್ಳೋ ಹಾಗಿಲ್ಲ, ಹಾಗಾಗಿ ಮೊದಲ ಆಯ್ಕೆ ಯೋಚನೆ ಮಾಡಿ ಮಾಡಿ. ಎಲ್‌ಐಸಿ ಆದ್ರೆ ಬ್ರಾಂಚಲ್ಲಿ ಡೆವಲಪ್‌ಮೆಂಟ್ ಆಫೀಸರ್ ಅಂತ ಇರ್ತಾರೆ, ಎಲ್ಲರೂ ಡಿ.ಒ. ಅಂತಾನೇ ಕರೆಯೋದು, ಅವರ ಕೆಳಗೆ ನೀವು ಸೇರ್ತೀರ. ಪ್ರೈವೇಟ್ ಕಂಪನಿಯಲ್ಲಾದ್ರೆ ಸೇಲ್ಸ್ ಮ್ಯಾನೇಜರ್ ಇರ್ತಾರೆ. ಕಂಪನಿ ಹೆಸರಿಗಿಂತ ಈ ವ್ಯಕ್ತಿ ಯಾರು ಅನ್ನೋದೇ ಮೊದಲ ಎರಡು ವರ್ಷ ಮುಖ್ಯ ಅಂತ ನನ್ನ ಅಭಿಪ್ರಾಯ. ಸೇರೋಕೆ ಮುಂಚೆ ಅವರ ಕೆಳಗೆ ಆಗ್ಲೇ ಇರೋ ಇಬ್ಬರು ಮೂವರು ಏಜೆಂಟರನ್ನ ಹುಡುಕಿ ಮಾತಾಡ್ಸಿ, ನಿಮ್ಮ ಜೊತೆ ಪಾರ್ಟಿ ಮನೆಗೆ ಬರ್ತಾರಾ, ಕ್ಲೇಮ್ ಬಂದಾಗ ಫೋನ್ ಎತ್ತುತಾರಾ ಅಂತ ಕೇಳಿ. ಏಜೆಂಟ್ ಆಗೋಕೆ ಡೆಪಾಸಿಟ್ ಅಂತ ಏನೂ ಇಲ್ಲ, ರಿಜಿಸ್ಟ್ರೇಷನ್ನು ಪರೀಕ್ಷೆ ಫೀ ಸೇರಿ ಕೆಲವು ನೂರು ರೂಪಾಯಿ ಅಷ್ಟೇ, ಯಾರಾದ್ರೂ ಸಾವಿರಗಟ್ಟಲೆ ಕಟ್ಟಿ ಅಂದ್ರೆ, ಇಲ್ಲಾ ಮೊದಲು ನಿಮ್ಮ ಹೆಸರಲ್ಲೇ ಒಂದು ದೊಡ್ಡ ಪಾಲಿಸಿ ಮಾಡ್ಸಿ ಆಮೇಲೆ ಏಜೆನ್ಸಿ ಅಂದ್ರೆ ಎದ್ದು ಬನ್ನಿ.

ಟ್ರೈನಿಂಗು, ಪರೀಕ್ಷೆ

ಟ್ರೈನಿಂಗ್ 25 ಗಂಟೆ, ಆನ್‌ಲೈನ್ ಮಾಡ್ಬಹುದು, ಕೆಲವು ಕಡೆ ಕ್ಲಾಸ್‌ನಲ್ಲೇ ಕೂರಿಸ್ತಾರೆ. ಆಮೇಲೆ ಐಸಿ 38 ಅನ್ನೋ ಪರೀಕ್ಷೆ, ಕಂಪ್ಯೂಟರ್ ಮುಂದೆ ಕೂತು ಬರೆಯೋದು, 50 ಪ್ರಶ್ನೆ, ಒಂದು ಗಂಟೆ, ನಾಲ್ಕು ಉತ್ತರದಲ್ಲಿ ಒಂದು ಆರಿಸ್ಬೇಕು, 35 ಪರ್ಸೆಂಟ್ ಬಂದ್ರೆ ಪಾಸ್, ಅಂದ್ರೆ 18 ಸರಿ ಇದ್ರೆ ಸಾಕು. ಕನ್ನಡದಲ್ಲೇ ಬರೀಬಹುದು, ಪುಸ್ತಕಾನೂ ಕನ್ನಡದಲ್ಲಿ ಸಿಗುತ್ತೆ. ಆದ್ರೆ ಪುಸ್ತಕದ ಕನ್ನಡ ಸ್ವಲ್ಪ ಗಟ್ಟಿ ಇದೆ, ಪ್ರಸ್ತಾವನೆ, ನಾಮನಿರ್ದೇಶನ, ವಿಮಾಯೋಗ್ಯ ಹಿತಾಸಕ್ತಿ ಅಂತೆಲ್ಲ ಬರುತ್ತೆ, ಇಂಗ್ಲಿಷ್ ಪುಸ್ತಕಾನೂ ಪಕ್ಕದಲ್ಲಿ ಇಟ್ಕೊಂಡು ಓದಿದ್ರೆ ಬೇಗ ತಲೆಗೆ ಹತ್ತುತ್ತೆ, ಯಾಕಂದ್ರೆ ಮುಂದೆ ಬ್ರಾಂಚಲ್ಲಿ ಎಲ್ಲರೂ ಪ್ರಪೋಸಲ್ಲು, ನಾಮಿನಿ ಅಂತಾನೇ ಮಾತಾಡೋದು.

ಪಾಸಾಗೋಕೆ ಮಾಡೆಲ್ ಪ್ರಶ್ನೆಪತ್ರಿಕೆ ಎರಡು ಮೂರು ಸಲ ಮಾಡಿದ್ರೆ ಸಾಕು ಅಂತ ಎಲ್ಲರೂ ಹೇಳ್ತಾರೆ, ನಿಜಾನೂ ಹೌದು. ಆದ್ರೂ ಮೂರು ವಿಷಯ ಮಾತ್ರ ಪರೀಕ್ಷೆಗೋಸ್ಕರ ಅಲ್ಲದೆ ಅರ್ಥ ಮಾಡ್ಕೊಂಡು ಓದಿ. ಒಂದು, ಪ್ರಪೋಸಲ್ ಫಾರಂನಲ್ಲಿ, ಅಂದ್ರೆ ಪಾಲಿಸಿ ಅರ್ಜಿಯಲ್ಲಿ, ಮುಚ್ಚುಮರೆ ಇಲ್ಲದೆ ನಿಜ ಹೇಳೋದು ಯಾಕೆ ಬೇಕು ಅನ್ನೋದು. ಎರಡು, ಇನ್ಶೂರೆನ್ಸ್ ಕಾಯ್ದೆಯ 45ನೇ ಸೆಕ್ಷನ್, ಪಾಲಿಸಿ ಶುರುವಾಗಿ, ಇಲ್ಲಾ ನಿಂತುಹೋಗಿ ಮತ್ತೆ ಚಾಲೂ ಆಗಿ, 3 ವರ್ಷ ಆದ್ಮೇಲೆ ಕಂಪನಿ ಯಾವ ಕಾರಣಕ್ಕೂ ಅದನ್ನ ಪ್ರಶ್ನೆ ಮಾಡೋ ಹಾಗಿಲ್ಲ, ಆ 3 ವರ್ಷದ ಒಳಗೆ ಮಾತ್ರ ಪ್ರಶ್ನೆ ಮಾಡ್ಬಹುದು. ಮೂರು, 41ನೇ ಸೆಕ್ಷನ್, ನಿಮ್ಮ ಕಮಿಷನ್‌ನಲ್ಲಿ ಪಾರ್ಟಿಗೆ ಪಾಲು ಕೊಡೋದು ಅಪರಾಧ, ದಂಡ 10 ಲಕ್ಷದವರೆಗೂ ಇದೆ. ಫೀಲ್ಡಿಗೆ ಇಳಿದ ಮೊದಲ ವಾರದಲ್ಲೇ ಈ ಮೂರೂ ಎದುರಾಗುತ್ತೆ.

ಪಾಸಾದ ಮೇಲೆ ಅಪಾಯಿಂಟ್‌ಮೆಂಟ್ ಲೆಟರ್ರು, ಏಜೆನ್ಸಿ ಕೋಡ್ ಬರುತ್ತೆ. ನಿಜವಾದ ಟ್ರೈನಿಂಗ್ ಅಲ್ಲಿಂದ ಶುರು. ಮೊದಲ ಒಂದೆರಡು ತಿಂಗಳು ಅನುಭವ ಇರೋ ಏಜೆಂಟ್ ಜೊತೆ ಸುಮ್ನೆ ಹೋಗಿ ಕೂತ್ಕೊಳ್ಳಿ, ಅವರು ಎಷ್ಟು ಮಾತಾಡ್ತಾರೆ ಅನ್ನೋದಕ್ಕಿಂತ ಎಷ್ಟು ಹೊತ್ತು ಕೇಳಿಸ್ಕೊಳ್ತಾರೆ ನೋಡಿ. ಎಲ್‌ಐಸಿಯಲ್ಲಿ ಈಗ ಆನಂದ ಅಂತ ಆ್ಯಪ್ ಇದೆ, ಪಾರ್ಟಿ ಮನೆಯಲ್ಲೇ ಕೂತು ಆಧಾರ್ ಮೂಲಕ ಪ್ರಪೋಸಲ್ ಹಾಕ್ಬಹುದು, ಅದನ್ನ ಮನೆಯವರ ಹೆಸರಲ್ಲಿ ಪ್ರಾಕ್ಟೀಸ್ ಮಾಡಿ ಕಲ್ತ್ಕೊಳ್ಳಿ.

ದುಡ್ಡಿನ ಲೆಕ್ಕ

ಏಜೆಂಟ್‌ಗೆ ಸಂಬಳ ಇಲ್ಲ. ಪಿಎಫ್ ಇಲ್ಲ, ಇಎಸ್‌ಐ ಇಲ್ಲ, ಪೆಟ್ರೋಲ್ ನಿಮ್ಮದೇ. ಬರೋದು ಕಮಿಷನ್, ಅದೂ ಪಾರ್ಟಿ ಕಂತು ಕಟ್ಟಿದಾಗ ಮಾತ್ರ.

ಎಲ್‌ಐಸಿಯ ಲಾಂಗ್ ಟರ್ಮ್ ಪಾಲಿಸಿಗಳಲ್ಲಿ ತುಂಬಾ ವರ್ಷ ಇದ್ದ ಲೆಕ್ಕ ಹೀಗೆ, ಮೊದಲ ವರ್ಷ ಬೋನಸ್ ಕಮಿಷನ್ ಸೇರಿ 35 ಪರ್ಸೆಂಟ್‌ವರೆಗೆ, ಎರಡು ಮೂರನೇ ವರ್ಷ 7.5, ಆಮೇಲೆ 5. ಒಂದೇ ಸಲ ಕಟ್ಟೋ ಸಿಂಗಲ್ ಪ್ರೀಮಿಯಂಗೆ 2 ಪರ್ಸೆಂಟ್. 2024ರ ಅಕ್ಟೋಬರ್‌ನಲ್ಲಿ ಸರೆಂಡರ್ ವ್ಯಾಲ್ಯೂ (ಪಾಲಿಸಿ ಮಧ್ಯದಲ್ಲೇ ಬಿಟ್ರೆ ವಾಪಸ್ ಸಿಗೋ ದುಡ್ಡು) ನಿಯಮ ಬದಲಾಯ್ತು, ಒಂದು ವರ್ಷದ ಪೂರ್ತಿ ಪ್ರೀಮಿಯಂ ಕಟ್ಟಿ ಬಿಟ್ಟೋರಿಗೂ ಸ್ವಲ್ಪ ದುಡ್ಡು ವಾಪಸ್ ಕೊಡ್ಬೇಕು ಅಂತ. ಅದರ ಜೊತೆಗೇ ಕಮಿಷನ್ನೂ ಬದಲಾಯ್ತು, ಮೊದಲ ವರ್ಷದ್ದು 35ರಿಂದ 28ಕ್ಕೆ ಇಳೀತು, ಮುಂದಿನ ವರ್ಷಗಳ ಕಂತಿಗೆ ಬರೋ ರಿನ್ಯೂವಲ್ ಕಮಿಷನ್ 5ರಿಂದ 7.5ಕ್ಕೆ ಏರ್ತು. ಪ್ಲಾನ್ ಪ್ಲಾನ್‌ಗೂ ದರ ಬೇರೆ, ಪ್ರೈವೇಟ್ ಕಂಪನಿಗಳದ್ದು ಇನ್ನೂ ಬೇರೆ, ಸೇರೋ ದಿನಾನೇ ಪ್ಲಾನ್‌ವಾರು ಪಟ್ಟಿ ಕೇಳಿ ಇಸ್ಕೊಳ್ಳಿ.

ಈಗ ಒಂದು ಉದಾಹರಣೆ ಲೆಕ್ಕ ಹಾಕಿ ನೋಡೋಣ. ತಿಂಗಳಿಗೆ ಎರಡು ಪಾಲಿಸಿ ಮಾಡಿಸ್ತೀರ, ಒಂದೊಂದೂ ವರ್ಷಕ್ಕೆ 24,000 ಪ್ರೀಮಿಯಂ ಅಂತ ಇಟ್ಕೊಳ್ಳಿ. 28 ಪರ್ಸೆಂಟ್ ಅಂದ್ರೆ ಒಂದಕ್ಕೆ 6,720, ಎರಡಕ್ಕೆ 13,440. ಮೊದಲ ವರ್ಷ ತಿಂಗಳಿಗೆ ಅಷ್ಟೇ, ಅದರಲ್ಲೇ ಪೆಟ್ರೋಲು, ಫೋನು, ಓಡಾಟ. ಹೊಸಬರಿಗೆ ತಿಂಗಳಿಗೆ ಎರಡು ಅನ್ನೋದೂ ಸುಲಭ ಅಲ್ಲ, ಕೆಲವು ತಿಂಗಳು ಒಂದೂ ಆಗಲ್ಲ, ಜನವರಿಯಿಂದ ಮಾರ್ಚ್ ಕ್ಲೋಸಿಂಗ್‌ವರೆಗೆ ಮಾತ್ರ ಉಸಿರಾಡೋಕೂ ಪುರಸೊತ್ತಿರಲ್ಲ. ಅದಕ್ಕೇ ಇರೋ ಕೆಲಸ, ಅಂಗಡಿ, ಹೊಲ ಬಿಟ್ಟು ಇದಕ್ಕೆ ಬರಬೇಡಿ, ಜೊತೆಗೇ ಶುರು ಮಾಡಿ.

ಈಗ ಇದೇ ಲೆಕ್ಕ ಆರನೇ ವರ್ಷದಲ್ಲಿ ನೋಡಿ. ಐದು ವರ್ಷದಲ್ಲಿ 120 ಪಾಲಿಸಿ ಆಗಿರುತ್ತೆ. ಒಂದೊಂದಕ್ಕೆ 7.5 ಪರ್ಸೆಂಟ್ ಅಂದ್ರೆ ವರ್ಷಕ್ಕೆ 1,800, ಎಲ್ಲಾ ಪಾಲಿಸಿ ನಡೀತಿದ್ರೆ ವರ್ಷಕ್ಕೆ 2,16,000, ಅಂದ್ರೆ ಹೊಸ ಪಾಲಿಸಿ ಒಂದೂ ಮಾಡಿಸ್ದೆ ಇದ್ರೂ ತಿಂಗಳಿಗೆ 18,000. ಕಂತು ಕಟ್ಟದೆ ಅರ್ಧ ಪಾಲಿಸಿ ಲ್ಯಾಪ್ಸ್ ಆಗಿದ್ರೆ (ನಿಂತುಹೋಗಿದ್ರೆ) 9,000. ಹನಿ ಹನಿ ಗೂಡಿದ್ರೆ ಹಳ್ಳ ಅನ್ನೋದು ಈ ಕೆಲಸಕ್ಕೇ ಮಾಡಿದ ಗಾದೆ ಅನ್ಸುತ್ತೆ. ಕೆಲವು ವರ್ಷ ಸತತವಾಗಿ ಕೆಲಸ ಮಾಡಿದ ಎಲ್‌ಐಸಿ ಏಜೆಂಟ್ ತೀರಿಕೊಂಡ್ರೆ ಈ ರಿನ್ಯೂವಲ್ ಕಮಿಷನ್ ಮನೆಯವರಿಗೆ ಹೋಗುತ್ತೆ. ಗ್ರಾಚ್ಯುಟಿನೂ ಇದೆ, ಅದರ ಮಿತಿ 2023ರಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದ್ರು.

ಪಾಲಿಸಿ ನಿಲ್ಲಬೇಕು ಅಂದ್ರೆ ಪಾರ್ಟಿ ಕೈಗೆ ದುಡ್ಡು ಯಾವಾಗ ಬರುತ್ತೆ ಅನ್ನೋದು ನಿಮಗೆ ಗೊತ್ತಿರಬೇಕು. ತೀರ್ಥಹಳ್ಳಿ ಕಡೆ ಅಡಿಕೆ ಬೆಳೆಯೋರಿಗೆ ಕೊಯ್ಲು ಮುಗಿದು ಅಡಿಕೆ ಮಾರಿದ ಮೇಲೆ ಕೈ ತುಂಬಾ ದುಡ್ಡು, ಅವರಿಗೆ ವರ್ಷಕ್ಕೊಂದೇ ಕಂತು ಒಳ್ಳೇದು, ಹಾಗೆ ಕಟ್ಟೋರಿಗೆ ಪ್ರೀಮಿಯಂನಲ್ಲಿ ಸ್ವಲ್ಪ ರಿಯಾಯ್ತಿನೂ ಸಿಗುತ್ತೆ. ಮಂಡ್ಯ ಕಡೆ ಕಬ್ಬಿನವರಿಗೆ ಫ್ಯಾಕ್ಟರಿ ಬಿಲ್ ಬಂದ ಮೇಲೆ, ಅದೂ ತಡ ಆಗೋದೇ ಜಾಸ್ತಿ, ಹಾಗಾಗಿ ಕಂತಿನ ತಾರೀಖು ಬಿಲ್ ಬರೋ ಅಂದಾಜಿಗಿಂತ ಸ್ವಲ್ಪ ತಡವಾಗಿ ಬರೋ ಹಾಗೆ ಪಾಲಿಸಿ ಶುರು ಮಾಡ್ಸಿ. ಗಾರ್ಮೆಂಟ್ಸ್‌ಗೆ ಹೋಗೋ ಹೆಣ್ಮಕ್ಳಿಗೆ ಸಂಬಳ ಅಕೌಂಟಿಗೆ ಬಿದ್ದ ಎರಡು ಮೂರು ದಿನಕ್ಕೆ ತಿಂಗಳ ಕಂತು ಬ್ಯಾಂಕಿಂದ ತಾನೇ ಕಟ್ ಆಗೋ ಹಾಗೆ ಮಾಡಿಕೊಡಿ. ಗ್ರೇಸ್ ಪೀರಿಯಡ್ (ತಾರೀಖು ದಾಟಿದ ಮೇಲೂ ಕಂತು ಕಟ್ಟೋಕೆ ಇರೋ ಅವಕಾಶ) ವರ್ಷದ, ಆರು ತಿಂಗಳ, ಮೂರು ತಿಂಗಳ ಕಂತಿಗೆ 30 ದಿನ, ತಿಂಗಳ ಕಂತಿಗೆ 15 ದಿನ, ಇದನ್ನ ಪಾರ್ಟಿಗೆ ಬಾಯಲ್ಲಿ ಹೇಳೋದಷ್ಟೇ ಅಲ್ಲ, ಬಾಂಡ್ (ಪಾಲಿಸಿ ಪತ್ರ) ಮೇಲೆ ಪೆನ್ನಲ್ಲಿ ಬರೆದ ಚೀಟಿ ಅಂಟಿಸಿ ಕೊಡಿ. ಲ್ಯಾಪ್ಸ್ ಆದ್ರೂ ಮಾಮೂಲಿ ಪಾಲಿಸಿನ 5 ವರ್ಷದ ಒಳಗೆ ರಿವೈವ್ ಮಾಡಿಸ್ಬಹುದು, ಅಂದ್ರೆ ಮತ್ತೆ ಚಾಲೂ ಮಾಡಿಸ್ಬಹುದು, ತುಂಬಾ ಜನಕ್ಕೆ ಇದು ಗೊತ್ತೇ ಇಲ್ಲ, ಕಟ್ಟಿದ್ದೆಲ್ಲ ಹೋಯ್ತು ಅಂತ ಸುಮ್ನಾಗಿರ್ತಾರೆ, ಅಂಥೋರ ಮನೆಗೆ ಹೋಗಿ ರಿವೈವಲ್ ಮಾಡಿಸಿಕೊಟ್ರೆ ನಿಮ್ಮ ಮೇಲೆ ಬರೋ ನಂಬಿಕೆನೇ ಬೇರೆ.

ಎಷ್ಟು ಪ್ರೀಮಿಯಂ ಮಾಡಿಸ್ಬೇಕು ಅನ್ನೋದ್ರಲ್ಲಿ ಕೈ ಬಿಗಿ ಹಿಡೀರಿ. ಪಾರ್ಟಿ ಹುಮ್ಮಸ್ಸಲ್ಲಿ 50,000 ಕಟ್ತೀನಿ ಅಂದ್ರೂ, ಬೆಳೆ ಕೈಕೊಟ್ಟ ವರ್ಷ ಎಷ್ಟು ಕಟ್ಟೋಕಾಗುತ್ತೆ ಅಂತ ಕೇಳಿ, ಅಷ್ಟಕ್ಕೇ ಮಾಡ್ಸಿ.

ಮನೆಗೆ ಹೋದಾಗ

ಮೊದಲು ನೆಂಟರು, ಫ್ರೆಂಡ್ಸ್ ಅಂತ ಪಟ್ಟಿ ಮಾಡಿ ಅಂತ ಎಲ್ಲಾ ಟ್ರೈನಿಂಗಲ್ಲೂ ಹೇಳ್ತಾರೆ. ಮಾಡಿ, ಆದ್ರೆ ದಾಕ್ಷಿಣ್ಯಕ್ಕೆ ಯಾರಿಗೂ ಪಾಲಿಸಿ ಮಾಡಿಸ್ಬೇಡಿ. ಅತ್ತೆ ಮಗ ನಿಮ್ಮ ಮುಖ ನೋಡಿ ಒಂದು ವರ್ಷ ಕಟ್ತಾನೆ, ಎರಡನೇ ವರ್ಷ ನಿಮ್ಮ ಫೋನ್ ಎತ್ತಲ್ಲ, ಕಮಿಷನ್ನೂ ಹೋಗುತ್ತೆ ಸಂಬಂಧಾನೂ ಹೋಗುತ್ತೆ. ಗೊತ್ತಿಲ್ಲದ ನಂಬರ್‌ಗಳಿಗೆ ನಿಮ್ಮ ಸ್ವಂತ ಮೊಬೈಲಿಂದ ಸಾಲಾಗಿ ಫೋನ್ ಮಾಡೋ ಅಭ್ಯಾಸಾನೂ ಬೇಡ, ಟೆಲಿಕಾಂ ನಿಯಂತ್ರಕ ಟ್ರಾಯ್ ನಿಯಮದಲ್ಲಿ ಪ್ರಚಾರದ ಕರೆಗಳಿಗೆ 140ರಿಂದ ಶುರುವಾಗೋ ನಂಬರ್ ಸರಣಿನೇ ಬೇರೆ ಇದೆ, ಕಂಪ್ಲೇಂಟ್ ಹೋದ್ರೆ ನಿಮ್ಮ ನಂಬರೇ ಕಟ್ ಆಗ್ಬಹುದು. ಹಳ್ಳಿಯಲ್ಲಿ ಹಾಲಿನ ಡೈರಿ, ಸೊಸೈಟಿ, ಸಂಘದ ಮೀಟಿಂಗು, ಇಲ್ಲೆಲ್ಲ ನಿಮ್ಮನ್ನ ನೋಡಿ ಪರಿಚಯ ಇರೋರೇ ನಿಮ್ಮ ಮೊದಲ ಪಾರ್ಟಿಗಳು.

ಮನೆಗೆ ಹೋಗೋದು ಗಂಡ ಹೆಂಡತಿ ಇಬ್ಬರೂ ಇರೋ ಹೊತ್ತಿಗೆ, ಸಾಮಾನ್ಯವಾಗಿ ಸಂಜೆ ಏಳರ ಮೇಲೆ. ಹೆಂಡತಿಗೆ ಗೊತ್ತಿಲ್ಲದ ಹಾಗೆ ಗಂಡ ಮಾಡಿಸಿದ ಪಾಲಿಸಿ ಕಷ್ಟ ಬಂದಾಗ ಯಾರಿಗೂ ಸಿಗಲ್ಲ, ಬಾಂಡ್ ಎಲ್ಲಿದೆ ಅಂತಾನೇ ಗೊತ್ತಿರಲ್ಲ. ಹೋದ ತಕ್ಷಣ ಪ್ಲಾನ್ ಹೆಸರು ಹೇಳ್ಬೇಡಿ. ಸಾಲ ಎಷ್ಟಿದೆ, ಮಕ್ಕಳು ಎಷ್ಟನೇ ಕ್ಲಾಸು, ಮನೇಲಿ ದುಡಿಯೋರು ಯಾರು, ಈಗಾಗ್ಲೇ ಯಾವ ಪಾಲಿಸಿ ಇದೆ, ಇಷ್ಟು ತಿಳ್ಕೊಳ್ಳಿ. ಏನೂ ಇಲ್ಲದ ಮನೆಯಾದ್ರೆ ಮೊದಲು ಬ್ಯಾಂಕಲ್ಲೇ ಆಗೋ ಎರಡು ಸರ್ಕಾರಿ ಸ್ಕೀಮ್ ಹೇಳಿಕೊಡಿ, ಜೀವನ್ ಜ್ಯೋತಿ ವರ್ಷಕ್ಕೆ 436 ರೂಪಾಯಿ, ಸುರಕ್ಷಾ ಬಿಮಾ 20 ರೂಪಾಯಿ. ಜೀವನ್ ಜ್ಯೋತಿಯಲ್ಲಿ ಯಾವ ಕಾರಣಕ್ಕೆ ಸಾವಾದ್ರೂ 2 ಲಕ್ಷ, ಸುರಕ್ಷಾದಲ್ಲಿ ಆಕ್ಸಿಡೆಂಟ್ ಸಾವಿಗೆ 2 ಲಕ್ಷ. ನಿಮ್ಮ ಕಮಿಷನ್‌ಗೆ ಇದರಿಂದ ಏನೂ ಸೇರಲ್ಲ. ಆದ್ರೆ ಆ ಮನೆಗೆ ಬೇಕಾಗಿರೋದು ಅದು, ಹಾಗಾಗಿ ಹೇಳ್ಲೇಬೇಕು. ಚಿಕ್ಕ ವಯಸ್ಸಿನ, ಸಾಲ ಇರೋ ದುಡಿಯೋ ಗಂಡಸು ಹೆಂಗಸರಿಗೆ ಟರ್ಮ್ ಪಾಲಿಸಿ ಹೇಳಿ, ಪ್ರೀಮಿಯಂ ಕಮ್ಮಿ, ನಿಮಗೆ ಬರೋದೂ ಕಮ್ಮಿ, ಆದ್ರೆ ಕವರ್ ದೊಡ್ಡದು. ಸತ್ತಾಗ ಮಾತ್ರ ದುಡ್ಡು ಬರುತ್ತೆ, ಬದುಕಿದ್ರೆ ವಾಪಸ್ ಬರಲ್ಲ ಅನ್ನೋದನ್ನ ನೇರವಾಗಿ ಹೇಳಿ. ಯುಲಿಪ್ ಆದ್ರೆ ಮಾರ್ಕೆಟ್ ಮೇಲೆ ನಿಂತಿದೆ, ಗ್ಯಾರಂಟಿ ಇಲ್ಲ ಅಂತ ಹೇಳಿ. ಎಫ್‌ಡಿ ಥರಾನೇ ಅಂತ ಹೇಳಿ ಪಾಲಿಸಿ ಮಾರಿದ್ರಿಂದ ಎಷ್ಟೋ ವಯಸ್ಸಾದೋರು ಬ್ಯಾಂಕಿಗೂ ಆಫೀಸಿಗೂ ಅಲೀತಿರೋದನ್ನ ನೋಡಿದೀನಿ, ನೋಡಿದ್ರೆ ಹೊಟ್ಟೆ ಉರಿಯುತ್ತೆ.

ಇನ್ನು ಫಾರಂ. ಈ ಇಡೀ ಕೆಲಸದಲ್ಲಿ ಅತಿ ಮುಖ್ಯವಾದ ಅರ್ಧ ಗಂಟೆ ಇದು. ಆರೋಗ್ಯದ ಪ್ರಶ್ನೆಗಳ ಪೇಜ್ ಬಂದಾಗ ತುಂಬಾ ಏಜೆಂಟರು ಎಲ್ಲಾದಕ್ಕೂ ಇಲ್ಲ ಇಲ್ಲ ಅಂತ ತಾವೇ ಟಿಕ್ ಹಾಕಿಬಿಡ್ತಾರೆ. ನೀವು ಹಾಗೆ ಮಾಡ್ಬೇಡಿ, ಒಂದೊಂದು ಪ್ರಶ್ನೆನೂ ಕನ್ನಡದಲ್ಲಿ ಓದಿ ಹೇಳಿ ಉತ್ತರ ಕೇಳಿ. ಸ್ವಲ್ಪ ಶುಗರ್ ಇದೆ ಸಾರ್, ಮಾತ್ರೆ ತಗೋತೀನಿ, ಅದನ್ನ ಬರೀಬೇಡಿ, ಪ್ರೀಮಿಯಂ ಜಾಸ್ತಿ ಆಗುತ್ತಂತೆ ಅಂತಾರೆ. ಆಗ ಪಕ್ಕದಲ್ಲಿ ಕೂತಿರೋ ಅವರ ಹೆಂಡತಿ ಕಡೆ ತಿರುಗಿ ಹೇಳಿ, ಅಮ್ಮಾ, ಇದನ್ನ ಈಗ ಮುಚ್ಚಿಟ್ರೆ ನಾಳೆ ಆಫೀಸಲ್ಲಿ ನಿಂತು ಉತ್ತರ ಕೊಡ್ಬೇಕಾದೋರು ನೀವು ಅಂತ. ಆಸ್ಪತ್ರೆ ಚೀಟಿ, ಮೆಡಿಕಲ್ ಬಿಲ್ ಎಲ್ಲಾ ವಿಚಾರಣೆಯಲ್ಲಿ ಹೊರಗೆ ಬರುತ್ತೆ. ಬೀಡಿ, ಗುಟ್ಕಾ, ಕುಡಿತ ಕೂಡ ಹಾಗೇ. ಪ್ರೀಮಿಯಂ ಸ್ವಲ್ಪ ಹೆಚ್ಚಾದ್ರೆ ಆಗ್ಲಿ, ಕಂಪನಿ ಬೇಡ ಅಂದ್ರೂ ಪರವಾಗಿಲ್ಲ. ಫಾರಂ ಜೊತೆ ಏಜೆಂಟ್ ರಿಪೋರ್ಟ್ ಅಂತ ಒಂದಿರುತ್ತೆ, ಈ ಮನುಷ್ಯ ನನಗೆ ಗೊತ್ತು, ಆದಾಯ ಇಷ್ಟು, ಆರೋಗ್ಯ ಹೀಗಿದೆ ಅಂತ ಸಹಿ ಹಾಕೋರು ನೀವೇ.

ನಾಮಿನಿ ಹೆಸರಲ್ಲೂ ಹುಷಾರು. ಮನೇಲಿ ಎಲ್ಲರೂ ಲಕ್ಷ್ಮಮ್ಮ ಅಂತಾರೆ, ಆಧಾರ್‌ನಲ್ಲಿ ಲಕ್ಷ್ಮೀದೇವಮ್ಮ ಅಂತ ಇರುತ್ತೆ. ಆಧಾರ್ ಕೈಯಲ್ಲಿ ಹಿಡ್ಕೊಂಡೇ ಬರೀರಿ. ನಾಮಿನಿ 18ರ ಒಳಗಿನ ಮಗು ಆದ್ರೆ ಅವರ ಪರವಾಗಿ ದುಡ್ಡು ತಗೊಳ್ಳೋ ದೊಡ್ಡೋರ ಹೆಸರೂ ಬೇಕು. ಮದುವೆ ಆದ್ಮೇಲೂ ಅಮ್ಮನ ಹೆಸರೇ ನಾಮಿನಿಯಾಗಿ ಉಳಿದಿರೋ ಪಾಲಿಸಿ ಎಷ್ಟೋ ಇವೆ, ಬದಲಾಯಿಸ್ಬೇಕಾ ಅಂತ ವರ್ಷಕ್ಕೊಮ್ಮೆ ಕೇಳ್ತಿರಿ.

ಬಾಂಡ್ ಬಂದಾಗ ನೀವೇ ತಗೊಂಡು ಹೋಗಿ ಓದಿ ಹೇಳಿ. ಇಷ್ಟ ಆಗ್ಲಿಲ್ಲ ಅಂದ್ರೆ 30 ದಿನದ ಒಳಗೆ ವಾಪಸ್ ಕೊಡ್ಬಹುದು ಅನ್ನೋದನ್ನೂ ಹೇಳಿ, ಹೇಳಿದ್ರೆ ಎಲ್ಲಿ ವಾಪಸ್ ಕೊಟ್ಬಿಡ್ತಾರೋ ಅಂತ ಭಯ ಬೇಡ, ತಿಳ್ಕೊಂಡು ಇಟ್ಕೊಂಡ ಪಾಲಿಸಿನೇ ನಿಲ್ಲೋದು. 'ಮೊದಲ ಕಂತು ನೀವೇ ಕಟ್ಟಿಕೊಡಿ, ಬೇರೆ ಏಜೆಂಟ್ ಕೊಡ್ತಾನೆ' ಅಂತ ಕೇಳೋರು ಸಿಕ್ಕೇ ಸಿಗ್ತಾರೆ. ಆಗಲ್ಲ, ಕಾನೂನಲ್ಲೇ ಇಲ್ಲ ಅಂತ ನಯವಾಗಿ ಹೇಳಿ. ಕಂತಿನ ಆಸೆಗೆ ಬಂದೋರು ಎರಡನೇ ವರ್ಷ ಕಟ್ಟೋದು ಕಮ್ಮಿ.

ಸಾವಿನ ಕ್ಲೇಮ್ ಬಂದಾಗ ಹೂವಿನ ಹಾರ ಹಾಕಿ ಬರೋದಷ್ಟೇ ಅಲ್ಲ. ಹನ್ನೊಂದು ದಿನ ಕಳೀಲಿ, ಆಮೇಲೆ ಹೋಗಿ ಒರಿಜಿನಲ್ ಬಾಂಡ್, ಮರಣ ಪ್ರಮಾಣ ಪತ್ರ, ನಾಮಿನಿ ಪಾಸ್‌ಬುಕ್, ಆಧಾರ್ ಎಲ್ಲಾ ಜೋಡಿಸಿ, ಫಾರಂ ತುಂಬಿ, ಬ್ರಾಂಚಿಗೆ ಜೊತೆಗೆ ಹೋಗಿ. ಇದಕ್ಕೆ ಒಂದು ರೂಪಾಯಿನೂ ತಗೋಬೇಡಿ. ಕಂಪನಿ ಸರಿಯಾಗಿ ಉತ್ತರ ಕೊಡ್ಲಿಲ್ಲ ಅಂದ್ರೆ ಬಿಮಾ ಭರೋಸಾ ಪೋರ್ಟಲ್ ಇದೆ, ಬೆಂಗಳೂರಲ್ಲಿ ಇನ್ಶೂರೆನ್ಸ್ ಓಂಬುಡ್ಸ್‌ಮನ್ ಆಫೀಸ್ ಇದೆ, ಅಲ್ಲಿ ದೂರು ಕೊಡೋಕೆ ಫೀಸಿಲ್ಲ, ವಕೀಲರೂ ಬೇಡ ಅಂತ ಹೇಳಿಕೊಡಿ.

ಹೆಣ್ಮಕ್ಳಿಗೆ ಬಿಮಾ ಸಖಿ

2024ರ ಡಿಸೆಂಬರ್‌ನಲ್ಲಿ ಶುರುವಾದ ಎಲ್‌ಐಸಿ ಸ್ಕೀಮ್ ಇದು. 18ರಿಂದ 70 ವರ್ಷದ, ಹತ್ತನೇ ಕ್ಲಾಸ್ ಪಾಸಾದ ಹೆಂಗಸರಿಗೆ ಮೊದಲ ವರ್ಷ ತಿಂಗಳಿಗೆ 7,000, ಎರಡನೇ ವರ್ಷ 6,000, ಮೂರನೇ ವರ್ಷ 5,000 ಸ್ಟೈಪೆಂಡ್ ಕೊಡ್ತಾರೆ, ಕಮಿಷನ್ ಬೇರೆ. ಆದ್ರೆ ಸುಮ್ನೆ ಬರೋ ದುಡ್ಡಲ್ಲ, ವರ್ಷಕ್ಕೆ 24 ಜನರ ಪಾಲಿಸಿ, ಬೋನಸ್ ಬಿಟ್ಟು 48,000 ಮೊದಲ ವರ್ಷದ ಕಮಿಷನ್ ಆಗ್ಬೇಕು, ಮತ್ತೆ ಹಿಂದಿನ ವರ್ಷ ಮಾಡಿಸಿದ ಪಾಲಿಸಿಗಳಲ್ಲಿ 65 ಪರ್ಸೆಂಟ್ ಆದ್ರೂ ನಡೀತಿರಬೇಕು. ಈಗಾಗ್ಲೇ ಎಲ್‌ಐಸಿ ಏಜೆಂಟ್ ಅಥವಾ ನೌಕರರಾಗಿರೋರ ಹತ್ತಿರದ ಸಂಬಂಧಿಕರಿಗೆ ಸಿಗಲ್ಲ, ಇದು ಎಲ್‌ಐಸಿ ನೌಕರಿನೂ ಅಲ್ಲ. ಸ್ಟೈಪೆಂಡ್ ಉಳಿಸ್ಕೊಳ್ಳೋಕೆ ತಂಗಿ, ನಾದಿನಿ ಹೆಸರಲ್ಲಿ ಪಾಲಿಸಿ ಮಾಡಿಸಿ ಕಂತು ತಾವೇ ಕಟ್ಟೋರಿದಾರೆ, ಲೆಕ್ಕ ಹಾಕಿದ್ರೆ ಕೈಯಿಂದಾನೇ ಹೋಗಿರುತ್ತೆ.

ಸಂಬಳ ಬೇಕೇ ಬೇಕು ಅನ್ನೋರಿಗೆ

ಪ್ರೈವೇಟ್ ಇನ್ಶೂರೆನ್ಸ್ ಕಂಪನಿ, ಬ್ಯಾಂಕುಗಳಲ್ಲಿ ಸೇಲ್ಸ್ ಆಫೀಸರ್, ರಿಲೇಷನ್‌ಶಿಪ್ ಮ್ಯಾನೇಜರ್ ಕೆಲಸ ಇದೆ. ಆಫರ್ ಲೆಟರ್‌ನಲ್ಲಿ ಸಿಟಿಸಿ (ನಿಮಗೋಸ್ಕರ ಕಂಪನಿ ಮಾಡೋ ಒಟ್ಟು ಖರ್ಚು) ಅಂತ ದೊಡ್ಡ ನಂಬರ್ ಇರುತ್ತೆ, ಅದರಲ್ಲಿ ಫಿಕ್ಸೆಡ್ ಎಷ್ಟು, ಇನ್ಸೆಂಟಿವ್ ಎಷ್ಟು, ಪಿಎಫ್ ಕಂಪನಿ ಪಾಲೂ ಅದರಲ್ಲೇ ಸೇರಿಸಿದಾರಾ, ಕೈಗೆ ಬರೋದು ಎಷ್ಟು, ಪೆಟ್ರೋಲ್ ಬೇರೆ ಕೊಡ್ತಾರಾ ಅಂತ ಒಂದೊಂದೇ ಕೇಳಿ ಮೇಲ್‌ನಲ್ಲಿ ಬರೆಸ್ಕೊಳ್ಳಿ. ಟಾರ್ಗೆಟ್ ಮುಟ್ಟದ ತಿಂಗಳು ಫಿಕ್ಸೆಡ್ ಕಟ್ ಮಾಡ್ತಾರಾ, ಪಾಲಿಸಿ ಲ್ಯಾಪ್ಸ್ ಆದ್ರೆ ಕೊಟ್ಟ ಇನ್ಸೆಂಟಿವ್ ವಾಪಸ್ ಹಿಡ್ಕೊಳ್ತಾರಾ ಅನ್ನೋದೂ ಮುಖ್ಯ. ಹೊಸಬರು ಒಂದೆರಡು ವರ್ಷ ಇಲ್ಲಿ ಕೆಲಸ ಕಲಿತು ಆಮೇಲೆ ಏಜೆನ್ಸಿ ತಗೊಳ್ಳೋದೂ ಒಳ್ಳೇ ದಾರಿನೇ, ಆದ್ರೆ ಅಲ್ಲಿ ಮಾಡಿಸಿದ ಪಾಲಿಸಿಗಳ ರಿನ್ಯೂವಲ್ ನಿಮ್ಮ ಜೊತೆ ಬರಲ್ಲ.

ಟ್ಯಾಕ್ಸು, ಲೆಕ್ಕಪತ್ರ

ವರ್ಷಕ್ಕೆ 20,000 ದಾಟಿದ ಕಮಿಷನ್‌ಗೆ ಟಿಡಿಎಸ್ (ದುಡ್ಡು ಕೊಡೋ ಮೊದಲೇ ಮುರ್ಕೊಳ್ಳೋ ಟ್ಯಾಕ್ಸ್) ಹಿಡೀತಾರೆ, 2025ರ ಏಪ್ರಿಲ್‌ನಿಂದ ದರ 5ರಿಂದ 2 ಪರ್ಸೆಂಟ್‌ಗೆ ಇಳಿದಿದೆ. ಆದಾಯ ಟ್ಯಾಕ್ಸ್ ಮಿತಿಗಿಂತ ಕಮ್ಮಿ ಇದ್ರೆ, ರಿಟರ್ನ್ಸ್ ಫೈಲ್ ಮಾಡಿದ್ರೆ ಹಿಡಿದ ದುಡ್ಡು ವಾಪಸ್ ಬರುತ್ತೆ. ಪೆಟ್ರೋಲ್, ಫೋನ್ ಬಿಲ್ ಎತ್ತಿಡಿ, ಕಮಿಷನ್ ಬೀಳೋ ಅಕೌಂಟ್ ಬೇರೆನೇ ಇರ್ಲಿ. ಒಂದು ನೋಟ್‌ಬುಕ್‌ನಲ್ಲಿ ಪಾಲಿಸಿ ನಂಬರ್, ಕಂತಿನ ತಾರೀಖು, ಪಾರ್ಟಿ ಫೋನ್ ತಿಂಗಳುವಾರು ಬರೆದಿಟ್ಟು, ಕಂತಿಗೆ ಹತ್ತು ದಿನ ಮುಂಚೆ ಒಂದು ಫೋನ್ ಮಾಡಿ. ಪಾರ್ಟಿ ಕಂತಿನ ದುಡ್ಡು ಕೈಗೆ ಕೊಟ್ರೆ ಅವತ್ತೇ ಕಟ್ಟಿ ರಸೀದಿ ಕೊಡಿ, ಆದಷ್ಟೂ ಅವರ ಅಕೌಂಟಿಂದಾನೇ ಹೋಗೋ ಹಾಗೆ ಮಾಡಿ. ಮನೆ ಸಾಲಕ್ಕೆ ಹೋದಾಗ ನಮ್ಮಂಥ ಕಮಿಷನ್‌ನವರ ಹತ್ರ ಸ್ಯಾಲರಿ ಸ್ಲಿಪ್ ಇರಲ್ಲ, ಬ್ಯಾಂಕಿನೋರು ಕೇಳೋದು ಎರಡು ಮೂರು ವರ್ಷದ ಐಟಿಆರ್, ಹಾಗಾಗಿ ಮೊದಲ ವರ್ಷದಿಂದಾನೇ ಫೈಲ್ ಮಾಡ್ತಾ ಹೋಗಿ.